ಕಡಬಿನ ಅಂಚು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಮ್ಮವ್ವನ ಖಾನಾವಳಿ ಇತ್ತು. ದೊಡ್ಡದೇನಲ್ಲ, ಮೊದಲು ಅಪ್ಪನ ಮಗ್ಗವಿದ್ದ ಪಡಸಾಲೆ. ಅಪ್ಪ ಸತ್ತ ವರ್ಷ ಅವ್ವ ಮಗ್ಗ ಮಾರಿ, ಮಗ್ಗದ ಕುಣಿಗೆ ಮಣ್ಣು ತುಂಬಿ, ಮೇಲೆ ಎರಡು ಚಾಪೆ ಹಾಸಿದಳು. ದಿನಾ ರೊಟ್ಟಿ ಪಲ್ಯ. ಸಂತೆಯ ದಿನ ಮಾತ್ರ ಕುಚ್ಚಿದ ಕಡಬು. ಗೋದಿ ಹಿಟ್ಟಿನ ತೆಳ್ಳಗಿನ ಹಾಳೆಯಲ್ಲಿ ಕಡಲೆಬೇಳೆ ಬೆಲ್ಲದ ಹೂರಣ ತುಂಬಿ, ಮಡಚಿ, ಅಂಚು ಕೂಡಿಸಿ, ಹಬೆಯಲ್ಲಿ ಬೇಯಿಸಿದ್ದು. ಎರಡಾಣೆಗೆ ಹೊಟ್ಟೆ ತುಂಬುತ್ತಿತ್ತು. ಮಗ್ಗದಿಂದ ಎದ್ದು ಬಂದವರು, ಸಂತೆಗೆ ಕಾಳು ತಂದ ಪುರ್ತಗೇರಿಯ ರೈತರು, ಸೀರೆ ಕೊಳ್ಳಲು ಬಂದ ವ್ಯಾಪಾರಿಗಳು, ಎಲ್ಲರೂ ಆ ಎರಡೇ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಉಣ್ಣುತ್ತಿದ್ದರು. ಎಂಥ ಕೈಗುಣ ಎಂದು ಅವ್ವನನ್ನು ಹೊಗಳುತ್ತಿದ್ದರು. ಅವ್ವ ಸೆರಗು ಸರಿಪಡಿಸಿಕೊಂಡು ನಗುತ್ತಿದ್ದಳು.

ಸುಳ್ಳು ನಗು. ಕಡಬು ಮಾಡುತ್ತಿದ್ದವಳು ನಾನು.

ಹಿಂದಿನ ಅಡುಗೆಮನೆಗೆ ಕಿಟಕಿಯಿರಲಿಲ್ಲ. ಹನ್ನೆರಡನೇ ವಯಸ್ಸಿಗೆ ಅಲ್ಲಿ ಕೂತವಳು ಹದಿನೇಳಾದರೂ ಎದ್ದಿರಲಿಲ್ಲ. ಅವ್ವ ಕಡಬಿನ ಅಂಚನ್ನು ಹೆಬ್ಬೆರಳಿಂದ ಸುಮ್ಮನೆ ಒತ್ತುತ್ತಿದ್ದಳು. ಬೇಯುವಾಗ ಬಾಯಿ ಬಿಟ್ಟು ಹೂರಣ ನೀರುಪಾಲಾಗುತ್ತಿತ್ತು. ನಾನು ಅಂಚನ್ನು ಚಿಕ್ಕಚಿಕ್ಕದಾಗಿ ಮಡಿಸುತ್ತ ಹೋಗುತ್ತಿದ್ದೆ, ಒಂದರ ಬೆನ್ನಿಗೊಂದು, ಒಂದು ಕಡಬಿಗೆ ಇಪ್ಪತ್ತೊಂದು ಮಡಿಕೆ. ಯಾರೂ ಕಲಿಸಿದ್ದಲ್ಲ. ನನ್ನ ಕಡಬು ಒಂದೂ ಬಾಯಿ ಬಿಡುತ್ತಿರಲಿಲ್ಲ. ನನಗೆ ಅದರ ಗರ್ವ ಬಹಳ ಇತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತಾರಲ್ಲ, ಹಾಗೆ.

ಆದರೆ ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಅನ್ನ ಮಾರುವುದು ಆಗ ಹೀನಾಯದ ಕೆಲಸ. ಗಂಡ ಸತ್ತವಳು ಹೊಟ್ಟೆಗಾಗಿ ಮಾಡಿದರೆ ಊರು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಮದುವೆಯಾಗದ ಹುಡುಗಿ ಕಂಡಕಂಡ ಗಂಡಸರಿಗೆ ಬೇಯಿಸಿ ಹಾಕುತ್ತಾಳೆಂದರೆ ಅವಳನ್ನು ಯಾರ ಮನೆಯೂ ತುಂಬಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ಅವ್ವ ಎಲ್ಲವೂ ತನ್ನ ಕೈಯದೇ ಎನ್ನುತ್ತಿದ್ದಳು, ನಾನು ಹೊಗೆಯಲ್ಲಿ ಕೂತು ನನ್ನ ಹೊಗಳಿಕೆಯನ್ನು ಅವಳ ಹೆಸರಿಗೆ ಕೇಳಿಸಿಕೊಳ್ಳುತ್ತಿದ್ದೆ.

ಪ್ರತಿ ಸಂತೆಗೂ ರೋಣದಿಂದ ಒಬ್ಬ ಸೀರೆ ವ್ಯಾಪಾರಿ ಬರುತ್ತಿದ್ದ. ವಯಸ್ಸಿನಲ್ಲಿ ಹಿರಿಯ, ಮರ್ಯಾದೆಯಿಂದ 'ಅವರು' ಎನ್ನಬೇಕು, ಎನ್ನುವುದಿಲ್ಲ. ಸೀರೆಯ ಅಂಚಿನ ದಡಿಯನ್ನು ಎರಡು ಬೆರಳ ನಡುವೆ ಹಿಡಿದು ನೋಡಿ ಇದು ಯಾರ ಮಗ್ಗದ್ದು ಎಂದು ಹೇಳುತ್ತಿದ್ದನಂತೆ, ತಪ್ಪುತ್ತಿರಲಿಲ್ಲವಂತೆ. ನಮ್ಮಲ್ಲಿ ಉಣ್ಣುವಾಗ ಕಡಬಿನ ಅಂಚನ್ನು ಕೊನೆಗೆ ಉಳಿಸಿಕೊಂಡು ಬೇರೆಯಾಗಿ ತಿನ್ನುತ್ತಿದ್ದ. ಬಾಗಿಲ ಸಂದಿಯಿಂದ ನೋಡಿ ನಾನು ಹಿಗ್ಗುತ್ತಿದ್ದೆ.

ಅವನ ಅಕ್ಕನ ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಮನೆಯಲ್ಲಿ ಹುಡುಗಿ ಇದ್ದಾಳೆಂದು ತಿಳಿದು ಒಂದು ಸಂತೆಯ ದಿನ ಅವನೇ ಮಾತು ತೆಗೆದ. ವರದಕ್ಷಿಣೆ ಬೇಡ ಎಂದ. ಒಂದೇ ಒಂದು ಮಾತು ಕೇಳಿದ: ಹುಡುಗಿಯ ಕೈ ಮಾರುವ ಅಡುಗೆಗೆ ತಾಗಿದೆಯೇ? ಅವ್ವ ಒಳಗೆ ಒಲೆಯ ಮುಂದೆ ಬಂದು, ಒಲೆ ಮುಟ್ಟಿ, ಹೊರಗೆ ಕೂತವನಿಗೆ ಕೇಳುವಂತೆ ಇಲ್ಲವೆಂದು ಆಣೆ ಮಾಡಿದಳು. ನಾನು ಆಗ ಅದೇ ಒಲೆಯ ಮೇಲಿದ್ದ ಪಾತ್ರೆಯಿಂದ ಕಡಬು ತೆಗೆಯುತ್ತಿದ್ದೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹುಡುಗ ಕಪ್ಪೋ ಕೆಂಪೋ ಗೊತ್ತಿರಲಿಲ್ಲ. ಕಿಟಕಿ ಇರುವ ಅಡುಗೆಮನೆ ಸಿಕ್ಕರೆ ಸಾಕಾಗಿತ್ತು.

ಹೆಣ್ಣು ನೋಡಲು ಬರುವ ಮುಂಚೆ, ನಿಮ್ಮ ಮನೆಯ ಹೆಸರುವಾಸಿ ಕಡಬನ್ನು ಹುಡುಗಿ ನಮ್ಮೆದುರಿಗೇ ಮಾಡಿ ತೋರಿಸಲಿ ಎಂದು ಹುಡುಗನ ತಾಯಿ ಹೇಳಿ ಕಳಿಸಿದಳು. ಆಗ ಶುರುವಾಯಿತು ಅವ್ವನ ಶಾಲೆ. ಮೂರು ದಿನ ನನಗೆ ಕೆಟ್ಟ ಕಡಬು ಮಾಡುವುದನ್ನು ಕಲಿಸಿದಳು. ಬರೀ ಒತ್ತು, ಮಡಿಸಬೇಡ. ನಾಲ್ಕು ಒತ್ತುತ್ತಿದ್ದೆ, ಐದನೆಯದಕ್ಕೆ ಬೆರಳು ತಾನಾಗಿ ಮಡಿಸುತ್ತಿತ್ತು. ಅವ್ವ ಕೈಯಲ್ಲಿ ಸೌಟು ಹಿಡಿದೇ ಕೂತಿದ್ದಳು. ಮಡಿಸಿದಾಗಲೆಲ್ಲ ಗೆಣ್ಣಿನ ಮೇಲೆ ಬೀಳುತ್ತಿತ್ತು.

ನಿನ್ನಿಂದಲೇ ಕಲಿತೆ ಅಂದರಾಯಿತಲ್ಲ ಎಂದು ನಾನು ಅತ್ತೆ.

"ಅಂವ ದಡಿ ನೋಡಿ ಮಗ್ಗ ಹೇಳಾಂವ," ಎಂದಳು ಅವ್ವ. "ನನಗೊಂದು ಮಡಚಿ ತೋರಸು ಅಂದ್ರ ನಾ ಏನ್ ತೋರಸ್ಲಿ?"

ಮೂರನೆಯ ದಿನ ಸಂಜೆಗೆ ಚೆನ್ನಾಗಿ ಕೆಟ್ಟದಾಗಿ ಮಾಡಲು ಬಂತು.

ಅವರು ನಾಲ್ಕು ಜನ ಬಂದರು: ವ್ಯಾಪಾರಿ, ಅವನ ಅಕ್ಕ, ಹುಡುಗ, ಹುಡುಗನ ತಂದೆ. ಗಂಡಸರು ಪಡಸಾಲೆಯಲ್ಲಿ ಕೂತರು, ಅವ್ವ ಬಾಗಿಲ ಬಳಿ ನಿಂತು ಮಾತಾಡಿಸುತ್ತಿದ್ದಳು. ಹುಡುಗನ ತಾಯಿ ಒಳಗೆ ಬಂದು ನನ್ನೆದುರಿಗೆ ಮಣೆ ಎಳೆದುಕೊಂಡಳು. ನಾನು ತಲೆ ತಗ್ಗಿಸಿ ಮೂರು ಸೊಟ್ಟ ಕಡಬು ಒತ್ತಿಟ್ಟೆ. ಅವಳು ಒಂದನ್ನು ಎತ್ತಿ ಹಿಂದೆ ಮುಂದೆ ನೋಡಿದಳು.

"ತಾಯಿ ಕೈಗುಣ ನಿನಗ ಬಂದಿಲ್ಲ ಬಿಡು," ಎಂದಳು. "ಇಂಥಾವನ್ನ ನಮ್ಮ ಎಮ್ಮಿನೂ ಮೂಸಂಗಿಲ್ಲ."

ಸುಮ್ಮನಿರಬೇಕಿತ್ತು. ನನಗೆ ಮೂಗಿನ ತುದಿಯಲ್ಲಿ ಸಿಟ್ಟು, ಈಗಲೂ ಅಲ್ಲೇ ಇದೆ. ಐದು ವರ್ಷ ಊರೆಲ್ಲ ಚಪ್ಪರಿಸಿದ ಕೈಗೆ ಎಮ್ಮೆಯ ಹೋಲಿಕೆ. ಆ ಸಿಟ್ಟಿನಲ್ಲಿ ಕಿಟಕಿ, ಅಡುಗೆಮನೆ, ಹುಡುಗ ಎಲ್ಲ ಮರೆತುಹೋಯಿತು. ನಾಲ್ಕನೆಯದನ್ನು ಮಡಿಸಿದೆ. ಐದನೆಯದನ್ನೂ. ಅವಳ ಬಾಯಿ ತೆರೆಯುತ್ತ ಹೋದದ್ದನ್ನು ಕಂಡು ಇನ್ನೂ ಬೇಗ ಬೇಗ ಮಡಿಸಿದೆ, ಹನ್ನೆರಡು ಮುಗಿಸಿ ಹಬೆಗಿಟ್ಟೆ. ಅವಳಿಗೆ ಖುಷಿಯಾಗಿತ್ತು. ಬೆಂದ ಮೇಲೆ ತಾನೇ ಆರಿಸಿ, ಒಳ್ಳೆಯವನ್ನು ತಟ್ಟೆಗೆ ಹಾಕಿಕೊಂಡು ತಮ್ಮನಿಗೆ ಕೊಡಲು ಹೋದಳು. ಬಾಗಿಲಲ್ಲಿ ನಿಂತ ಅವ್ವ ತಟ್ಟೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಉಂಡ ಮನೆಯ ಜಂತೆ ಎಣಿಸುವವರ ಮಾತು ಕೇಳಿದ್ದೆ. ಈ ವ್ಯಾಪಾರಿ ಕಡಬಿನ ಮಡಿಕೆ ಎಣಿಸಿದ. ಬೆರಳ ನಡುವೆ ಹಿಡಿದು, ದಡಿ ನೋಡಿದ ಹಾಗೆ ತಿರುಗಿಸಿ ನೋಡಿದ. ಬಾಯಿಗೆ ಹಾಕಿಕೊಂಡ, ಅಂಚನ್ನು ಕೊನೆಗೆ ತಿಂದ. ಆಮೇಲೆ ಒಂದಿಷ್ಟು ಕಣಕ, ಹೂರಣ ತರಿಸಿ ಅವ್ವನ ಮುಂದಿಡಲು ಹೇಳಿದ.

"ಅಕ್ಕಾರ, ನೀವೊಂದು ಮಡಚ್ರಿ, ನೋಡೂಣು."

ಅವ್ವ ಕೂತಳು. ಹಾಳೆ ಲಟ್ಟಿಸಿದಳು, ಹೂರಣವಿಟ್ಟಳು, ಮಡಚಿದಳು. ಅಂಚಿಗೆ ಬಂದಾಗ ಅವಳ ಬೆರಳು ನಿಂತವು. ಒಂದು ಮಡಿಕೆ ಹಾಕಲು ನೋಡಿದಳು, ಹಾಳೆ ಹರಿಯಿತು. ಇನ್ನೊಂದು ಹಾಕಿದಳು, ಅದೂ ಹರಿಯಿತು. ಅವನು ಅವಸರ ಮಾಡಲಿಲ್ಲ. ಮತ್ತೊಂದು ಹಾಳೆ ತಗೊಳ್ಳಿರೆಂದು ಸಮಾಧಾನವಾಗಿ ಹೇಳಿದ. ಅವ್ವ ಮತ್ತೊಂದು ತೆಗೆದುಕೊಂಡಳು. ಹೀಗೆ ನಾಲ್ಕು ಸಲ ಮಾಡಿಸಿದ, ಎಲ್ಲರ ಎದುರಿಗೆ. ನಾಲ್ಕನೆಯ ಸಲ ಅವ್ವ ಹೆಬ್ಬೆರಳಿಂದ ಸುಮ್ಮನೆ ಒತ್ತಿಬಿಟ್ಟಳು.

"ಉಣ್ಣಾಕ ಇದಕಿಂತ ಚಲೋ ಕೈ ಇಲ್ಲ," ಎಂದ ಅವನು, ನಾನಿದ್ದ ಬಾಗಿಲ ಕಡೆ ನೋಡುತ್ತ. "ಮನಿಗೆ ತರಾಕ ಬರಂಗಿಲ್ಲ."

ಹುಡುಗ ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿದ್ದ. ಮಾವ ಎದ್ದದ್ದೇ ಕೈ ಹಿಂದಕ್ಕೆ ತೆಗೆದುಕೊಂಡ. ಅವನ ಬಗ್ಗೆ ನನಗೆ ನೆನಪಿರುವುದು ಅಷ್ಟೇ.

ಅವ್ವ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಯಾಕೆ ಮಡಿಸಿದೆ ಎಂದು ಕೇಳಿದಳು. ಎಮ್ಮೆಯೂ ಮೂಸುವುದಿಲ್ಲ ಅಂದಳು ಎಂದೆ. ಅವ್ವ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮುಂದಿನ ಸಂತೆಗೆ ಲಟ್ಟಿಸುವ ಮಣೆಯನ್ನು ಹೊರಗೆ ತಂದು ಪಡಸಾಲೆಯ ಬಾಗಿಲಲ್ಲೇ ಇಟ್ಟು ನನ್ನನ್ನು ಕೂರಿಸಿದಳು.

"ಇನ್ನ ಯಾರಿಗಂತ ಮುಚ್ಚಿಡೂದು?" ಎಂದಳು. "ಹುಡುಗಿ ಕೈ ಕಂಡ್ರ ಗಿರಾಕಿ ಹೆಚ್ಚಾಗ್ತಾವ."

ಹೆಚ್ಚಾದವು. ಅವ್ವನ ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ. ಗಂಡಸರು ಕಡಬು ತಿನ್ನುತ್ತ ನನ್ನ ಬೆರಳು ನೋಡುತ್ತಿದ್ದರು, ಬೆರಳಿಗಿಂತ ಮೇಲಕ್ಕೂ ನೋಡುತ್ತಿದ್ದರು. ಹೆಣ್ಣು ಕೇಳಿಕೊಂಡು ಮಾತ್ರ ಆಮೇಲೆ ಒಬ್ಬರೂ ಬರಲಿಲ್ಲ. ವ್ಯಾಪಾರಿ ಒಂದು ಸಂತೆಯನ್ನೂ ತಪ್ಪಿಸಲಿಲ್ಲ. ಅದೇ ಜಾಗದಲ್ಲಿ ಕೂತು, ಅದೇ ರೀತಿ ಅಂಚನ್ನು ಕೊನೆಗೆ ತಿಂದು ಹೋಗುತ್ತಿದ್ದ.

ಎರಡು ವರ್ಷವಾಗಿರಬೇಕು. ಒಂದು ಸಂತೆಯ ದಿನ ಉಂಡು ಕೈ ತೊಳೆದವನು ಹೋಗದೆ ನನ್ನ ಮುಂದೆ ಬಂದು ನಿಂತ. ಬುತ್ತಿ ಕಟ್ಟುವ ಬಿಳಿ ಬಟ್ಟೆ ಕೈಯಲ್ಲಿತ್ತು.

"ನಮ್ಮಕ್ಕನ ಮಗನ ಹೇಂತಿ ಬಸರದಾಳ," ಎಂದ. "ಗಂಡ ಹೇಳ್ಯಾನಂತ, ಗಜೇಂದ್ರಗಡದ ಕಡಬು ಹಿಂಗಿರ್ತಾವ ಅಂತ. ಅದನ್ನ ಬೇಕಂತಾಳ. ಹನ್ನೆರಡು ಕಟ್ಟಿಕೊಡವಾ."

ನಾನು ಹಾಳೆ ತೆಗೆದುಕೊಂಡೆ. ಹೂರಣವಿಟ್ಟು ಮಡಚಿ, ಹೆಬ್ಬೆರಳಿಂದ ಒತ್ತಿ, ಸೊಟ್ಟ ಕಡಬೊಂದನ್ನು ಪಕ್ಕಕ್ಕಿಟ್ಟೆ. ಎರಡನೆಯದನ್ನೂ ಒತ್ತುತ್ತಿದ್ದಾಗ ಸೌಟು ಗೆಣ್ಣಿನ ಮೇಲೆ ಬಿತ್ತು. ಅವ್ವ ಹಿಂದೆಯೇ ನಿಂತಿದ್ದಳು.

"ಬಸರ ಹೆಂಗಸಿನ ಬಯಕಿ," ಎಂದಳು. "ಚೆಂದಗ ಮಡಚು."

ವ್ಯಾಪಾರಿ ಬಟ್ಟೆ ಹಿಡಿದು ಕಾಯುತ್ತಿದ್ದ. ಒತ್ತಿದ ಎರಡನ್ನೂ ಬಿಚ್ಚಿದೆ. ಹನ್ನೆರಡಕ್ಕೂ ಇಪ್ಪತ್ತೊಂದು ಮಡಿಕೆ ಹಾಕಿ, ಬೇಯಿಸಿ, ಬಿಸಿ ಇರುವಾಗಲೇ ಕಟ್ಟಿಕೊಟ್ಟೆ. ಅವನು ಗಂಟನ್ನು ಎದೆಗವಚಿಕೊಂಡು, ತಣ್ಣಗಾಗುವುದರೊಳಗೆ ಮನೆ ಮುಟ್ಟಬೇಕೆಂದು ಬಸ್ಸಿಗೆ ಓಡಿದ.