ನಾನು ಹಿಂದಿಟ್ಟ ಎರಡು ಹೆಜ್ಜೆ

ನಮ್ಮ ಮುಂದೆ ನಡೆಯುತ್ತಿದ್ದ ಮುದುಕರು ಮರದ ಬೇರನ್ನು ಎಡವಿ ದಬಕ್ಕನೆ ಬಿದ್ದರು. ಕೊರೊನಾ ಲಾಕ್‌ಡೌನ್ ಸಡಿಲಿಸಿದ ಮೊದಲ ವಾರ ಅದು. ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ನಾನೂ ಹನ್ನೆರಡು ವರ್ಷದ ಮಗಳೂ ಕಾರಿನಲ್ಲಿ ಬಂದು, ಹೊಳೆಯ ಪಕ್ಕದ ಕಾಡಿನಲ್ಲಿ ಹಳಿ ಕಿತ್ತ ಹಳೆಯ ರೈಲುದಾರಿಯಲ್ಲಿ ವಾಕಿಂಗ್ ಹೊರಟಿದ್ದೆವು. ಬಿದ್ದವರ ಮಾಸ್ಕ್ ಗಲ್ಲಕ್ಕೆ ಜಾರಿತ್ತು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವರು ನನ್ನತ್ತ ಕೈ ಚಾಚಿದರು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರತ್ತ ಓಡಲು ಹೊರಟ ಮಗಳ ತೋಳನ್ನೂ ಬಿಗಿಯಾಗಿ ಹಿಡಿದುಕೊಂಡೆ.

“ಅಮ್ಮಾ, ಯು ಆರ್ ಎ ಡಾಕ್ಟರ್!” ಎಂದಳು ಅವಳು.

ಮುದುಕರು ಚಾಚಿದ ಕೈಯನ್ನು ಹಿಂತೆಗೆದು, ಮೊದಲು ಮಾಸ್ಕ್ ಮೇಲೆಳೆದುಕೊಂಡರು. “ಪರವಾಯಿಲ್ಲಮ್ಮಾ, ನೀಂಗ ಪೋಂಗ” ಎಂದು ತಮಿಳಿನಲ್ಲಿ ನಮ್ಮನ್ನು ಹೋಗಲು ಹೇಳಿ, ಮರ ಹಿಡಿದು ತಾವೇ ಎದ್ದು ಕುಂಟುತ್ತಾ ಹೋದರು.

ಆ ಸಂಜೆ ಮೆಡಿಕಲ್ ಕಾಲೇಜಿನ ನನ್ನ ವಿದ್ಯಾರ್ಥಿಗಳಿಗೆ ಆನ್‌ಲೈನ್ ಕ್ಲಾಸ್ ಇತ್ತು. ಗಾಯಾಳುವನ್ನು ಕಂಡ ಕೂಡಲೇ ವೈದ್ಯರು ಏನು ಮಾಡಬೇಕೆಂದು ಒಂದು ಮಾತೂ ತೊದಲದೆ ಪಾಠ ಮಾಡಿದೆ. ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಮಗಳು ಎದ್ದು ನಮ್ಮಿಬ್ಬರ ನಡುವಿನ ಬಾಗಿಲು ಮುಚ್ಚಿದಳು.