ಹೆಸರು ಕೇಳುವ ಪೆಟ್ಟಿಗೆ

ನನ್ನ ಅಡಿಗೆಮನೆಯ ಕುಕ್ಕರಿನ ಪಾತ್ರೆ ಒಂದು ಕಂಪನಿಯದು, ಮುಚ್ಚಳ ಇನ್ನೊಂದು ಕಂಪನಿಯದು. ಹಳೆಯ ಮುಚ್ಚಳ ಕೈಜಾರಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಸೊಟ್ಟಗಾದಾಗ, ಶಿರಸಿಯ ಪಾತ್ರೆ ಅಂಗಡಿಯವನು ಹತ್ತಾರು ಮುಚ್ಚಳ ತಿರುವಿಹಾಕಿ, ತಟ್ಟಿ, ಒತ್ತಿ, ಕೂರುತ್ತದೆ ಎಂದು ಆಣೆ ಮಾಡಿ ಕೊಟ್ಟದ್ದು ಅದು. ಕೂತಿತು, ಸುಳ್ಳಲ್ಲ. ಆದರೆ ಎಡಕ್ಕೆ ಕೊಂಚ ಒತ್ತಿ, ಹಿಡಿಯನ್ನು ತುಸುವೇ ಎತ್ತಿ, ಆಮೇಲೆ ಬಲಕ್ಕೆ ತಿರುಗಿಸಿದರೆ ಮಾತ್ರ ಸೀಟಿ ಹೊಡೆಯುತ್ತದೆ. ಇಲ್ಲವಾದರೆ ಸುತ್ತಲೂ ಹಬೆ ಬಿಟ್ಟುಕೊಂಡು ಬೇಳೆಯನ್ನು ಕಲ್ಲಿನಂತೆ ಹಾಗೇ ಇಡುತ್ತದೆ. ಸೊಸೆ ಶಾಂತಾ ಅದರೊಡನೆ ಗುದ್ದಾಡಿ ಸೋತು, 'ಅತ್ತಿ, ಬರ್ರಿ ಇಲ್ಲಿ, ಇದು ನಿಮ್ಮ ಕೈಗಷ್ಟ ಕೂಡೂದು' ಎಂದು ಕರೆಯುವಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು. ನಿಮ್ಮ ಮನೆಯಲ್ಲೂ ಇಂಥದೊಂದು ಸಾಮಾನು ಇದ್ದೇ ಇರುತ್ತದೆ, ಇಲ್ಲ ಅನ್ನಬೇಡಿ.

ಮುಚ್ಚಳದ ಮಾತು ಯಾಕೆ ತೆಗೆದೆನೆಂದರೆ, ಈಚೆಗೆ ನನ್ನ ಮೊಮ್ಮಗಳು ಅಕ್ಷತಾ ಇಂಥದ್ದೇ ಪೇಚಿಗೆ ಸಿಕ್ಕಿದ್ದಳು. ಶಾಂತಾಳ ಮಗಳು ಇವಳು. ಡಿಪ್ಲೊಮಾ ಓದಿ, ಶಿರಸಿಯಲ್ಲಿ ಟಯರ್ ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು, ಹಾಲಿನ ಡೇರಿಗಳಿಗೆ ಮಾತನಾಡುವ ಪೆಟ್ಟಿಗೆ ತಯಾರಿಸುತ್ತಾಳೆ. ತೂಕದ ಯಂತ್ರಕ್ಕೆ ಜೋಡಿಸಿದರೆ ಹಾಲು ಎಷ್ಟಾಯಿತೆಂದು ಪೆಟ್ಟಿಗೆ ಬಾಯಿಬಿಟ್ಟು ಹೇಳುತ್ತದೆ. ಕಣ್ಣು ಮಂಜಾದವರು, ಅಕ್ಷರ ಕಲಿಯದವರು, ನನ್ನ ಹಾಗೆ ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಕೆಂಪು ದೀಪದ ಅಂಕಿಗಳನ್ನು ಅನುಮಾನದಿಂದ ನೋಡುವವರು, ಎಲ್ಲರೂ ಈಗ ಬೇರೆಯವರ ಮುಖ ನೋಡದೆ ತಮ್ಮ ಹಾಲಿನ ಲೆಕ್ಕವನ್ನು ತಮ್ಮ ಕಿವಿಯಿಂದಲೇ ಕೇಳಿಕೊಂಡು ಮನೆಗೆ ಹೋಗುತ್ತಾರೆ. ಆ ಧ್ವನಿ ನನ್ನದು. ಹೆಮ್ಮೆ ಪಡುವ ವಿಷಯಕ್ಕೆ ಸಂಕೋಚ ಪಡುವ ವಯಸ್ಸು ನನ್ನದಲ್ಲ, ಆದ್ದರಿಂದ ನೇರ ಹೇಳಿಬಿಟ್ಟೆ.

ಧ್ವನಿ ಹಿಡಿದ ದಿನ ಅಕ್ಷತಾ ಕಿಟಕಿಗೆಲ್ಲ ಕಂಬಳಿ ಕಟ್ಟಿ, ನನ್ನ ಮುಂದೆ ಮೈಕು ಇಟ್ಟು, 'ಮೊದ್ಲು, ದಯವಿಟ್ಟು ಹಾಲು ಹಾಕಿ, ಅನ್ನು ಅಜ್ಜಿ' ಎಂದಳು.

'ಡೇರ್ಯಾಗ ಯಾರವ್ವ ದಯವಿಟ್ಟು ಅಂತಾರ? ಹೂಂ, ಹಾಕ್ರಿ ಅಂತೀನಿ. ಬೇಕಾದ್ರ ಇಟ್ಕೋ, ಇಲ್ಲಾಂದ್ರ ಬ್ಯಾರೆ ಅಜ್ಜಿನ್ನ ಹುಡುಕ್ಕೋ.'

ಇಟ್ಟುಕೊಂಡಳು.

ನನ್ನ ಈ ಮಾತುಗಳೆಲ್ಲ ಹುರುಳಿ ಕಾಳಿನಷ್ಟು ಕರಿಯ ಚೂರೊಂದರೊಳಗೆ ಮಲಗಿರುತ್ತವೆ. ಎಂಟು ಕಾಲಿನ ಆ ಚಿಪ್ಪನ್ನು ಫ್ಲ್ಯಾಶ್ ಮೆಮೊರಿ ಎನ್ನುತ್ತಾರೆ. ಕರೆಂಟು ಹೋದರೂ ಅದು ಕಲಿತದ್ದನ್ನು ಮರೆಯುವುದಿಲ್ಲ. ಅದನ್ನು ತಯಾರಿಸುತ್ತಿದ್ದ ಕಂಪನಿ, ಕಾರಣ ದೇವರಿಗೇ ಗೊತ್ತು, ತಯಾರಿಕೆಯನ್ನೇ ನಿಲ್ಲಿಸಿಬಿಟ್ಟಿತು. ಅಕ್ಷತಾ ಬೇರೆ ಕಂಪನಿಯ ಚಿಪ್ಪು ತರಿಸಿದಳು. ಅದೇ ಗಾತ್ರ, ಅದೇ ಎಂಟು ಕಾಲು, ಹಳೆಯದರ ಜಾಗದಲ್ಲಿ ಅಚ್ಚು ಹೊಯ್ದಂತೆ ಕೂತಿತು. ಆದರೆ ಪೆಟ್ಟಿಗೆ ತುಟಿ ಬಿಚ್ಚಲಿಲ್ಲ. ಕರೆಂಟು ಬಂದೊಡನೆ ಪೆಟ್ಟಿಗೆ ಚಿಪ್ಪನ್ನು 'ನೀನು ಯಾರ ಮನೆಯವನು' ಎಂದು ಕೇಳುತ್ತದಂತೆ. ಹಳೆಯದು ಒಂದು ಹೆಸರು ಹೇಳುತ್ತಿತ್ತು, ಹೊಸದು ತನ್ನ ಕಂಪನಿಯ ಹೆಸರು ಹೇಳಿತು, ಪೆಟ್ಟಿಗೆ ಇವನು ನಮ್ಮವನಲ್ಲ ಎಂದು ಬಾಗಿಲು ಹಾಕಿಕೊಂಡಿತು. ಅಕ್ಷತಾಗೆ ಅವಸರ, ಹೆಸರು ಕೇಳುವ ಪದ್ಧತಿಯನ್ನೇ ಪೆಟ್ಟಿಗೆಯಿಂದ ತೆಗೆದುಹಾಕಿದಳು. ನನ್ನ ಧ್ವನಿ ಗಣಗಣ ಬಂತು. ದಾಸನಕೊಪ್ಪದ ಆಚೆಗಿರುವ ನಮ್ಮೂರ ಡೇರಿಗೆ ತಂದು ಜೋಡಿಸಿದಳು.

ಅಲ್ಲೂ ಚೆನ್ನಾಗಿಯೇ ಮಾತಾಡಿತು, ಕರೆಂಟು ಹೋಗುವ ತನಕ. ನಮ್ಮ ಕಡೆಯ ಕರೆಂಟು ನಿಮಗೆ ಗೊತ್ತಲ್ಲ, ನೊಣ ಕೂತೆದ್ದ ಹಾಗೆ. ಹೋಗಿ ಬಂದದ್ದೇ ತಡ, ಪೆಟ್ಟಿಗೆ ಮೂಕವಾಯಿತು. ಸಾಲಿನಲ್ಲಿ ನಿಂತ ಹೆಂಗಸರು ಕ್ಯಾನು ಹಿಡಿದುಕೊಂಡು ನನ್ನ ಮುಖ ನೋಡಿದರು. ಡೇರಿಯ ಸೆಕ್ರೆಟರಿ ಮಲ್ಲೇಶಪ್ಪ ಸುಮ್ಮನಿರುವ ಗಿರಾಕಿಯಲ್ಲ.

'ಏನವ್ವಾ ಅಕ್ಷತಾ, ನಿಮ್ಮಜ್ಜಿ ಬಾಯಾಗ ಅವಲಕ್ಕಿ ತುಂಬಿ ಕಳಿಸೀಯೇನು?'

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಅವನು ಮೆಲ್ಲಗೆ ಹೇಳಿದ: 'ನಗಿ ಬ್ಯಾರೆ ಮಾತು, ತಂಗಿ. ಮುಂದಿನ ವಾರದೊಳಗ ಸರಿ ಆಗಲಿಲ್ಲಾಂದ್ರ ನಾ ದೊಡ್ಡ ಕಂಪನಿ ಮಶಿನ್ ತರಸ್ತೀನಿ. ಅದು ಮಾತಾಡೂದಿಲ್ಲ, ಆದ್ರ ಕೈ ಕೊಡೂದೂ ಇಲ್ಲ.'

ಸಿದ್ದಾಪುರದ ಕಡೆಯ ಡೇರಿಗಳೂ ಯಲ್ಲಾಪುರದ ಕಡೆಯವೂ ನಮ್ಮೂರ ಪೆಟ್ಟಿಗೆ ಏನಾಗುತ್ತದೆಂದು ಕಾದು ಕೂತಿದ್ದವು. ಇದು ಕೆಟ್ಟರೆ ಅವೂ ಇಲ್ಲ. ಎರಡು ಕೋಣೆಗೆ ಬೀಗ ಜಡಿದು, ಅಕ್ಷತಾ ಹುಬ್ಬಳ್ಳಿಯ ಯಾವುದೋ ಕಾರ್ಖಾನೆಯಲ್ಲಿ ಇನ್ನೊಬ್ಬರು ಹೇಳಿದ್ದನ್ನು ಮಾಡಿಕೊಂಡಿರಬೇಕು. ನನ್ನ ಮಗನಂತೂ ಅದೇ ಒಳ್ಳೆಯದೆಂದು ಆಗಲೇ ನಿರ್ಧರಿಸಿಯೂ ಆಗಿತ್ತು.

ಆ ಸಂಜೆ ಹುಡುಗಿ ಊಟಕ್ಕೂ ಏಳದೆ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿಕೊಂಡು ಕೂತಳು. ಪ್ಲಗ್ ಕಿತ್ತಳು, ಹಾಕಿದಳು, ಕಿತ್ತಳು. ಆಮೇಲೆ ಹಣೆ ಚಚ್ಚಿಕೊಂಡು ತಾನೇ ನಕ್ಕಳು.

'ತಪ್ಪು ನಂದ ಅಜ್ಜಿ. ಹಳೇದು ಕರೆಂಟ್ ಬಂದ ಕೂಡ್ಲೆ ಏಳ್ತಿತ್ತು. ಇದು ಚೂರು ತಡಾ ಮಾಡಿ ಏಳ್ತೈತಿ. ಇದು ಕಣ್ಣು ತಿಕ್ಕೊಳ್ಳೂದ್ರಾಗ ಪೆಟಿಗಿ ಮಾತು ಕೇಳಿ ಮುಗಿಸಿರ್ತೈತಿ. ನಾ ಜೋಡಿಸೂ ಮುಂದ ಕರೆಂಟ್ ಕೊಟ್ಟು, ಆಮ್ಯಾಲೆ ಗುಂಡಿ ಒತ್ತಿ ಮತ್ತ ಶುರು ಮಾಡ್ತಿದ್ದೆ, ಅಷ್ಟೊತ್ತಿಗೆ ಇದು ಎದ್ದಿರ್ತಿತ್ತು, ಅದಕ್ಕ ನನಗ ಗೊತ್ತಾಗಲಿಲ್ಲ. ಹೆಸರು ಕೇಳೂದು ಬಿಡಿಸಿದ್ನಲ್ಲ, ಅದು ಎದ್ದೈತೋ ಇಲ್ಲೋ ಪೆಟಿಗಿಗೆ ತಿಳಿಯೂದ ಇಲ್ಲ. ಹೆಸರು ಕೇಳಬೇಕು, ಹೇಳೂತನಕ ಕಾಯಬೇಕು. ಆಮ್ಯಾಲೆ ಯಾರ ಮನಿಯವ್ರೋ ಅವ್ರ ರೂಢಿ ಹೆಂಗೋ ಹಂಗ ನಡಸ್ಕೋಬೇಕು.'

ಅವಳು ಹೇಳಿದ್ದು ಚಿಪ್ಪಿನ ಸಂಗತಿ. ನಾನು ಮಾತ್ರ ಇದೇ ಪಡಸಾಲೆಗೆ ಅಕ್ಕಿ ಸೇರು ಒದ್ದು ಬಂದ ದಿನಕ್ಕೆ ಹೋಗಿಬಿಟ್ಟಿದ್ದೆ.

ನಾನು ಈ ಮನೆಗೆ ಎರಡನೇ ಸಂಬಂಧ. ಮೊದಲನೆಯವಳು ಗಿರಿಜವ್ವ ಜ್ವರ ಬಂದು ತೀರಿಕೊಂಡಿದ್ದಳು. ಅತ್ತೆ ಅದೇ ಎತ್ತರದ, ಅದೇ ಮೈಕಟ್ಟಿನ ಹುಡುಗಿಯನ್ನೇ ಹುಡುಕಿದರೋ ಏನೋ, ಗಿರಿಜವ್ವನ ಕುಪ್ಪಸ ನನಗೆ ಒಂದು ಹೊಲಿಗೆ ಬಿಚ್ಚದೆ ಕೂತಿತು. ಹೆಸರನ್ನೂ ಅದನ್ನೇ ಇಟ್ಟರು. ಬೆಳಿಗ್ಗೆ ಬಾಯಿ ಮುಕ್ಕಳಿಸುವ ಮೊದಲೇ, 'ಗಿರಿಜಾ, ಎಮ್ಮಿ ಹಿಂಡು' ಎಂಬ ಕೂಗು. ನನ್ನನ್ನೇ ಕರೆಯುವುದೆಂದು ಹೊಳೆಯದೆ ನಾನು ತಿರುಗದಿದ್ದರೆ, ಕಿವುಡಿಯನ್ನು ತಂದೆವೆಂಬ ಮಾತು. ಗಿರಿಜವ್ವ ಗುನುಗುತ್ತ ಹಾಲು ಹಿಂಡುತ್ತಿದ್ದಳಂತೆ. ನನಗೆ ರಾಗ ಬಾರದು. ಎಮ್ಮೆ ಝಾಡಿಸಿ ಒದ್ದಿತು. ಚೆಲ್ಲಿದ ಹಾಲು ನೋಡಿ ಅತ್ತೆ, 'ಗಿರಿಜಾ ಕುಂತ್ರ ಎಮ್ಮಿ ಒದೀತಿದ್ದಿಲ್ಲ' ಎಂದರು.

'ಹೌದ್ರಿ ಅತ್ತಿ, ಗಿರಿಜಾ ಕುಂತ್ರ ಒದೀತಿದ್ದಿಲ್ಲ. ಈಗ ಕುಂತಾಕಿ ನೀಲವ್ವ. ನೀಲಾ ಅಂತ ಕರೀರಿ, ಬರ್ತೀನಿ. ಎಮ್ಮಿನ್ನ ನನಗ ಬಿಡ್ರಿ.'

ಅತ್ತೆ ಬಹಳ ದಿನ ಯಾವ ಹೆಸರಿನಿಂದಲೂ ನನ್ನನ್ನು ಕರೆಯಲಿಲ್ಲ. ನಾನು ಎಮ್ಮೆಯ ಕೊರಳಡಿ ತುರಿಸಿ, ಒಂದು ಹಿಡಿ ಹಿಂಡಿ ತಿನ್ನಿಸಿ, ನನ್ನ ರೂಢಿಯಲ್ಲೇ ಕೂತು ಹಿಂಡಿದೆ. ಕೊನೆಗೊಂದು ಬೆಳಿಗ್ಗೆ ಕೊಟ್ಟಿಗೆಯಿಂದ ಕೂಗು ಬಂತು: 'ನೀಲಾ, ಎಮ್ಮಿ ನಿನ್ನ ಹಾದಿ ನೋಡಾಕತ್ತೈತಿ, ಬಾ.' ಅಷ್ಟೇ. ಅತ್ತೆಯೂ ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಗಿರಿಜವ್ವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವಳ ಸೀರೆಗಳು ಗಟ್ಟಿಯಾಗಿದ್ದವು, ಬಹುಕಾಲ ಉಟ್ಟೆ.

ಬದಲಿ ಎಂಬ ಮಾತನ್ನು ನಾವು ಎಷ್ಟು ಸಸಾರವಾಗಿ ಆಡುತ್ತೇವೆ, ನೋಡಿ. ಬದಲಿ ಮಾಸ್ತರು, ಬದಲಿ ಡ್ರೈವರು, ಬದಲಿ ಹೆಂಡತಿ. ಜಾಗದಲ್ಲಿ ಕೂತರೆ ಕೆಲಸ ಮುಗಿಯಿತು ಎಂದುಕೊಂಡು, ಹೋದವರು ಎದ್ದ ಹೊತ್ತಿಗೇ ಬಂದವರೂ ಏಳಬೇಕು, ಹೋದವರ ದನಿಯಲ್ಲೇ ಓಗೊಡಬೇಕು ಎಂದು ಬಯಸುತ್ತೇವೆ. ನನ್ನ ಮೊಮ್ಮಗಳು ಓದಿದವಳು, ಅವಳ ವಿದ್ಯೆ ನನಗೆ ತಿಳಿಯುವುದಿಲ್ಲ, ತಿಳಿದಂತೆ ನಟಿಸುವುದೂ ಇಲ್ಲ. ಆದರೆ ನಿರ್ಜೀವ ಚೂರೊಂದಕ್ಕೂ ಎಚ್ಚರಾಗುವಷ್ಟು ವ್ಯವಧಾನ ಕೊಟ್ಟು, ಹೆಸರು ಕೇಳಿ, ಅದರ ಸ್ವಭಾವಕ್ಕೆ ತಕ್ಕಂತೆ ನಡೆದುಕೊಳ್ಳುವುದನ್ನು ಒಂದು ಪೆಟ್ಟಿಗೆಗೆ ಕಲಿಸಿದವಳು ನಮ್ಮ ಮನೆಯಲ್ಲಿ ಹುಟ್ಟಿದಳಲ್ಲ ಎಂಬ ಹೆಮ್ಮೆ ಸಣ್ಣದಲ್ಲ.

ವಾರ ತುಂಬುವ ಮೊದಲೇ ಪೆಟ್ಟಿಗೆಯನ್ನು ಡೇರಿಗೆ ಒಯ್ದೆವು. ಮಲ್ಲೇಶಪ್ಪ ಕರೆಂಟಿಗಾಗಿಯೂ ಕಾಯಲಿಲ್ಲ, ತಾನೇ ಹೋಗಿ ಮೇನ್ ಸ್ವಿಚ್ ಇಳಿಸಿದ, ಏರಿಸಿದ. ಅಕ್ಷತಾ ನನ್ನ ಮುಂಗೈಯನ್ನು ಬಳೆ ಒತ್ತುವಂತೆ ಹಿಡಿದಿದ್ದಳು. ಒಂದು ಉಸಿರಿನಷ್ಟು ಮೌನ. ಆಮೇಲೆ ಪೆಟ್ಟಿಗೆ ನನ್ನ ಗಂಟಲಿನಲ್ಲಿ, 'ಹೂಂ, ಹಾಕ್ರಿ' ಎಂದಿತು.

'ಅಜ್ಜಿ ಎದ್ದಳೋ!' ಎಂದು ಸಾಲಿನಿಂದ ಯಾರೋ ಕೂಗಿದರು. ಮಲ್ಲೇಶಪ್ಪ ಮತ್ತೆ ಮತ್ತೆ ಸ್ವಿಚ್ಚು ಆಡಿಸಿದ. ಪ್ರತಿ ಸಲವೂ ಅದೇ ಮೌನ, ಅದೇ ಹೂಂ. ಕಡೆಗೆ, 'ಸಾಕು ಬಿಡಪ್ಪಾ, ಮುದುಕಿ ದಣದಾಳು' ಎಂದು ನಾನೇ ಗದರಿದೆ. ಈಗ ಸಿದ್ದಾಪುರದ ಕಡೆಯ ಡೇರಿಗಳಲ್ಲಿ ನಾನು ಮಾತಾಡುತ್ತೇನೆ, ಯಲ್ಲಾಪುರದ ಕಡೆಯವುಗಳಲ್ಲೂ ಮಾತಾಡುತ್ತೇನೆ. ಕೆಲವುಗಳಲ್ಲಿ ಹಳೆಯ ಕಂಪನಿಯ ಚಿಪ್ಪು, ಕೆಲವುಗಳಲ್ಲಿ ಹೊಸದು. ಹಾಲು ಹಾಕುವವರಿಗೆ ಆ ಭೇದ ಕೇಳಿಸುವುದಿಲ್ಲ, ಕೇಳಿಸಬೇಕಾಗಿಯೂ ಇಲ್ಲ.

ಆ ದಿನ ಮನೆಗೆ ಬಂದಾಗ ಶಾಂತಾ ಕುಕ್ಕರಿನ ಮುಂದೆ ಬೆವರುತ್ತ ನಿಂತಿದ್ದಳು. ಎಂದಿನಂತೆ ಅವಳನ್ನು ಸರಿಸಿ ನಾನೇ ಮುಚ್ಚಳ ಕೂರಿಸಲಿಲ್ಲ. ಅವಳ ಕೈಯನ್ನೇ ಹಿಡಿಯ ಮೇಲಿಟ್ಟು ತೋರಿಸಿದೆ. ಎಡಕ್ಕೆ ಒತ್ತು, ತುಸು ಎತ್ತು, ಈಗ ತಿರುಗಿಸು. ಸೀಟಿ ಹೊಡೆಯಿತು. ಈಗ ಅವಳು ನನ್ನನ್ನು ಕರೆಯುವುದಿಲ್ಲ. ನನಗೇನೂ ಬೇಸರವಿಲ್ಲ. ಸ್ವಲ್ಪ ಇದೆ.