ಅಣ್ಣ ನೋಡಬೇಕಾದ ಓಟ

ಕಲಬುರಗಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ರಸ್ತೆಯ ಮೇಲೆ ಓಡುತ್ತಿದ್ದರೆ ಜನ ಮೊದಲು ಅವಳ ಹಿಂದೆ ನೋಡುತ್ತಾರೆ, ನಾಯಿ ಬೆನ್ನು ಹತ್ತಿದೆಯೇನೋ ಎಂದು. ನಾಯಿ ಕಾಣದಿದ್ದರೆ ಮುಂದೆ ನೋಡುತ್ತಾರೆ, ಬಸ್ಸು ತಪ್ಪುತ್ತಿದೆಯೇನೋ ಎಂದು. ಎರಡೂ ಅಲ್ಲವೆಂದು ಖಾತ್ರಿಯಾದ ಮೇಲೆ ಅವಳ ತಲೆಯ ಬಗ್ಗೆಯೇ ಅನುಮಾನ ಶುರು. ಲಲಿತಾಬಾಯಿ ಈ ಮೂರೂ ನೋಟಗಳನ್ನು ಹಲವು ವರ್ಷಗಳಿಂದ ಉಂಡು ಅರಗಿಸಿಕೊಂಡವಳು. ಆಡುವವರ ಬಾಯಿಗೆ ಬೀಗ ಹಾಕಲಾದೀತೆ ಎಂದು ತನ್ನ ಪಾಡಿಗೆ ತಾನು ಓಡುತ್ತಿದ್ದಳು.

ಸೂಪರ್ ಮಾರ್ಕೆಟ್ ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಗಾದಿಯ ಮೇಲೆ ಕಾಲು ಮಡಚಿ ಕೂತು ಸೀರೆ ಬಿಚ್ಚುವುದು, ಮಡಚುವುದು, ಮತ್ತೆ ಬಿಚ್ಚುವುದು. ಅಂಗಡಿಯ ಅರ್ಧ ಸೀರೆ ಬಿಚ್ಚಿಸಿ ಹಾಕಿ, "ನಾಳೆ ಮನಿಯವರನ್ನ ಕರ್ಕೊಂಡು ಬರ್ತೀವ್ರೀ" ಎಂದು ಎದ್ದು ಹೋಗುವ ಗಿರಾಕಿಗೂ ನಗುಮುಖದಿಂದಲೇ ನೀರು ಕೊಟ್ಟು ಕಳಿಸಬೇಕು. ವರ್ಷಗಟ್ಟಲೆ ಹೀಗೆ ಕೂತ ಮೇಲೆ ಮೊಣಕಾಲುಗಳು ಮುಷ್ಕರ ಹೂಡಿದವು. ಡಾಕ್ಟರು ದಿನಾ ಜೋರಾಗಿ ನಡೆಯಿರಿ ಎಂದರು. ಬೆಳಗಾದರೆ ಕೋಟೆಯ ಪಕ್ಕದ ರಸ್ತೆಯಲ್ಲಿ ನಡೆಯತೊಡಗಿದಳು. ಅಲ್ಲಿ ದಿನಾ ಓಡಲು ಬರುತ್ತಿದ್ದವಳು ಅಂಬರೀನ್, ಮೋಮಿನಪುರದವಳು, ಖಾಸಗಿ ಶಾಲೆಯೊಂದರ ಟೀಚರು. ಒಂದು ದಿನ ಅವಳೇ ಮಾತಾಡಿಸಿದಳು. "ಅಕ್ಕಾ, ಆ ಲೈಟಿನ ಕಂಬದ ತನಕ ಓಡಿ ನೋಡೂಣು ಬರ್ರಿ. ಬ್ಯಾಸರಾದ್ರ ನಿಂದ್ರೂಣು."

ಕಂಬ ಬಂತು, ಬೇಸರ ಬರಲಿಲ್ಲ.

"ಓಡಾಕತ್ತೀದಿ ಅಂತಲ್ಲ?" ಎಂದು ಗಂಡ ವಿವೇಕಾನಂದ ಕೇಳಿದ.

"ಓಡೂದಲ್ರೀ, ಜಾಗಿಂಗ್."

"ಅಳಿಯ ಅಲ್ಲ, ಮಗಳ ಗಂಡ," ಎಂದು ಅವನು ನಕ್ಕ. ಆದರೆ ಮರುದಿನದಿಂದ ಬೆಳಗಿನ ಚಹಾ ತಾನೇ ಮಾಡತೊಡಗಿದ. ಆ ಓಣಿಯ ಗಂಡಸರಲ್ಲಿ ಇದಕ್ಕಿಂತ ದೊಡ್ಡ ಕ್ರಾಂತಿ ಅಲ್ಲಿಯವರೆಗೆ ಆಗಿರಲಿಲ್ಲ.

ಮೊದಲ ಸ್ಪರ್ಧೆಯಲ್ಲಿ ಸೀಟಿ ಊದಿದ ಕೂಡಲೇ ಕಾಲೇಜು ಹುಡುಗಿಯರ ಜೊತೆ ಬಿಟ್ಟ ಬಾಣದಂತೆ ಹೋದಳು. ಸ್ವಲ್ಪ ದೂರದಲ್ಲೇ ಬೇವಿನ ಗಿಡ ಹಿಡಿದು ನಿಂತು, ಕುಡಿದ ನೀರೆಲ್ಲ ಕಾರಿಕೊಂಡಳು. ಎರಡನೆಯದರಲ್ಲಿ ಬುದ್ಧಿ ಬಂದಿತ್ತು. ಹೈದರಾಬಾದಿಗೆ ಹೋಗಿ ಇಪ್ಪತ್ತೊಂದು ಕಿಲೋಮೀಟರ್ ಓಡಿದಾಗ, ಮೇಲ್ಸೇತುವೆ ಹತ್ತುವಷ್ಟರಲ್ಲಿ ಈ ಜನ್ಮಕ್ಕೆ ಇನ್ನು ಸಾಕು ಎಂದು ಆಣೆ ಮಾಡಿದಳು. ಇಳಿಯುವಾಗ ಮುಂದಿನ ಓಟ ಎಲ್ಲಿ ಎಂದು ಅಂಬರೀನಳನ್ನು ಕೇಳಿದಳು. ಬಹುಮಾನ ಎಂದೂ ಬರಲಿಲ್ಲ. ಓಡಿ ಮುಗಿಸಿದವರಿಗೆಲ್ಲ ಕೊಡುವ ಪದಕಗಳು ಮಾತ್ರ ಟಿವಿಯ ಪಕ್ಕ ಮೊಳೆಗೆ ನೇತುಬಿದ್ದಿದ್ದವು.

ಹಾಗಾದರೆ ಬಂದದ್ದೇನು ಎಂದು ಯಾರಾದರೂ ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ರಸ್ತೆಯ ಮೇಲಿದ್ದಷ್ಟು ಹೊತ್ತು "ಇದರಾಗ ಬ್ಯಾರೆ ಬಣ್ಣ ತೋರಸ್ರಿ" ಎಂದು ಯಾರೂ ಅನ್ನುವುದಿಲ್ಲ. ಮೊದಲು ಮನೆಯ ಚಿಂತೆ ಜೊತೆಗೆ ಓಡಿಬರುತ್ತದೆ, ಆಮೇಲೆ ಅದು ಹಿಂದೆ ಬೀಳುತ್ತದೆ. ನೋವುಗಳಂತೂ ನೆಂಟರ ಹಾಗೆ ಗುರುತಾಗಿಬಿಟ್ಟಿದ್ದವು: ಯಾವುದು ಬಾಗಿಲಲ್ಲೇ ಮಾತಾಡಿ ಹೋಗುತ್ತದೆ, ಯಾವುದು ಉಂಡೇ ಹೋಗುತ್ತದೆ ಎಂದು ಗೊತ್ತಾಗುತ್ತಿತ್ತು. ಬಂದ ನೋವು ಠಿಕಾಣಿ ಹೂಡಲು ಬಂದಿಲ್ಲ ಎಂದು ತಿಳಿದ ಮೇಲೆ ಬದುಕಿನ ಬೇರೆ ಕೆಲವಕ್ಕೂ ಅವಳು ಹೆದರುವುದನ್ನು ಬಿಟ್ಟಿದ್ದಳು.

ಹೆದರುವುದು ಉಳಿದದ್ದು ಒಬ್ಬರಿಗೆ ಮಾತ್ರ, ಕಮಲಾಪುರದಲ್ಲಿದ್ದ ಅಣ್ಣ ದೇವೀಂದ್ರಪ್ಪನಿಗೆ.

ಲಲಿತಾಬಾಯಿ ಹಾಲು ಕುಡಿಯುವ ಕೂಸಾಗಿದ್ದಾಗಲೇ ತಂದೆ ತೀರಿಕೊಂಡಿದ್ದ. ಮೀಸೆ ಮೂಡುವ ಮೊದಲೇ ಅಣ್ಣ ಮನೆಯ ಯಜಮಾನನಾದ. ಬಾಳೆತೋಟ ಮಾಡಿದ, ಅವ್ವನನ್ನು ನೋಡಿಕೊಂಡ, ತಂಗಿಯನ್ನು ಓದಿಸಿ ಕಲಬುರಗಿಗೆ ಮದುವೆ ಮಾಡಿಕೊಟ್ಟ. ಅವನು ಎಂದೂ ಬೈದವನಲ್ಲ, ಕೈಯಂತೂ ಎತ್ತಿದವನೇ ಅಲ್ಲ. ಬೇಡ ಎನ್ನುತ್ತಿದ್ದ, ಅಷ್ಟಕ್ಕೇ ಅದು ಬೇಡವಾಗುತ್ತಿತ್ತು. ಶಾಲೆಯಲ್ಲಿ ಖೋಖೋ ತಂಡಕ್ಕೆ ಅವಳ ಹೆಸರು ಬಂದಾಗಲೂ ಒಂದೇ ಸಲ ಬೇಡ ಎಂದಿದ್ದ. ಈಗಲೂ ಅವಳು ತವರಿಗೆ ಬಂದರೆ ಬಸ್ ನಿಲ್ದಾಣಕ್ಕೆ ತನ್ನ ಹಳೇ ಮೋಟಾರ್‌ಸೈಕಲ್ ತಂದು ನಿಲ್ಲಿಸಿಕೊಂಡಿರುತ್ತಾನೆ. "ಹತ್ತು" ಎನ್ನುತ್ತಾನೆ. ಅವಳು ಹತ್ತುತ್ತಾಳೆ. ಒಮ್ಮೆ ಪದಕಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಅವನ ಮುಂದೆ ಹರವಿದ್ದಳು. "ಹೂಂ" ಎಂದು ಎದ್ದು ದನಕ್ಕೆ ಮೇವು ಹಾಕಲು ಹೋದ. ಅವತ್ತು ಅವಳಿಗೆ ಆದ ಬೇಸರ ಅಷ್ಟಿಷ್ಟಲ್ಲ.

ಅಂಥದರಲ್ಲಿ ಕಮಲಾಪುರದಲ್ಲೇ ಓಟ ಇಟ್ಟಿದ್ದಾರೆ ಎಂಬ ಸುದ್ದಿಯನ್ನು ಅಂಬರೀನ್ ತಂದಳು. ಬಸ್ ನಿಲ್ದಾಣದ ಎದುರಿನಿಂದ ಹೊರಟು ಕಲಬುರಗಿ ರಸ್ತೆಯಲ್ಲಿ ಮಹಾಗಾಂವ ಕ್ರಾಸಿನ ಕಡೆಗೆ ಹೋಗಿ, ತಿರುಗಿ ಅಲ್ಲಿಗೇ ಬರುವುದು. ಇಪ್ಪತ್ತೊಂದು ಕಿಲೋಮೀಟರ್. ಲಲಿತಾಬಾಯಿ ಅಣ್ಣನಿಗೆ ಫೋನು ಮಾಡಿದಳು.

"ಅಣ್ಣಾ, ನಮ್ಮೂರಾಗ ಓಟ ಇಟ್ಟಾರ. ನಾನೂ ಓಡ್ತೀನಿ."



"ಬ್ಯಾರೆ ಊರಾಗ ಏನರ ಮಾಡ್ಕೋ. ಈ ರಸ್ತೆ ಮ್ಯಾಲ ಓಡಬ್ಯಾಡ."

"ಯಾಕಣ್ಣಾ?"

"ಬ್ಯಾಡ ಅಂದ್ರ ಬ್ಯಾಡವ್ವ."

ಅವಳು ಬಿಡಲಿಲ್ಲ. "ಓಡೂದು ಗಟ್ಟಿ ಅಣ್ಣಾ. ನೀ ಒಂದ ಸಲ ಬಂದು ನಿಂತು ನೋಡು. ಅಷ್ಟ ಕೇಳ್ತೀನಿ."

"ನಾ ಬರಂಗಿಲ್ಲ," ಎಂದು ಅವನು ಫೋನು ಇಟ್ಟ.

ಹುಟ್ಟಿದಾಗಿನಿಂದ ಅಣ್ಣನ ಮಾತು ಮೀರಿದ್ದು ಅದೇ ಮೊದಲು. ಪದಕ, ಸಮಯ, ನಂಬರು ಯಾವುದೂ ಅವಳಿಗೆ ಬೇಕಿರಲಿಲ್ಲ. ತನ್ನನ್ನು ಸಾಕಿದವನು ತಾನು ಓಡಿ ಬರುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು, ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ ಎಂದು ಅವನಿಗೆ ಕಾಣಬೇಕು. ಅವಳ ಆಸೆ ಇಷ್ಟೇ.

ಚಳಿಗಾಲದ ಆ ಭಾನುವಾರ ಕಮಲಾಪುರದಲ್ಲಿ ಗಾಳಿ ತುಂಬಿದ ದೊಡ್ಡ ಕಮಾನು ಎದ್ದು ನಿಂತಿತ್ತು. ಮೈಕಿನಲ್ಲಿ ಯಾರೋ ಒಂದೇ ಸಮನೆ ಕೂಗುತ್ತಿದ್ದರು. ಲಲಿತಾಬಾಯಿ ಎದೆಗೆ ನಂಬರಿನ ಚೀಟಿ ಸಿಕ್ಕಿಸಿಕೊಂಡು, ಮಂಗಳಸೂತ್ರ ಒಳಗೆ ಸರಿಸಿ, ಗುಂಪಿನಲ್ಲಿ ಅಣ್ಣನ ರುಮಾಲು ಹುಡುಕಿದಳು. ಅವನು ಬಂದಿರಲಿಲ್ಲ. ಸೀಟಿ ಊದಿದರು.

ಹೋಗುವಾಗ ಸುಖವಾಗಿತ್ತು. ತೊಗರಿ ಕೊಯ್ದ ಹೊಲಗಳು, ಬದುವಿನ ಮೇಲೆ ನಿಂತು ಬಾಯಿ ತೆರೆದು ನೋಡುವ ಹೆಂಗಸರು. ತಿರುಗಿ ಬರುವಾಗ ಬಿಸಿಲು ಮುಖಕ್ಕೇ ಹೊಡೆಯಿತು. ಇನ್ನು ನಾಲ್ಕು ಕಿಲೋಮೀಟರ್ ಇದೆ ಎನ್ನುವಲ್ಲಿ ಎಡಗಾಲಿನ ಮೀನಖಂಡ ಹಿಡಿದು ಕಲ್ಲಾಯಿತು. ಪಕ್ಕದಲ್ಲಿದ್ದ ಅಂಬರೀನ್ ನಿಂತಳು. "ನೀ ಹೋಗವ್ವ, ಇದು ಉಂಡು ಹೋಗೋ ನೆಂಟ," ಎಂದು ಲಲಿತಾಬಾಯಿ ಅವಳನ್ನು ಮುಂದೆ ಕಳಿಸಿ, ಕಾಲೆಳೆಯುತ್ತ ಹೊರಟಳು.

ಆಗ ಎದುರಿನಿಂದ ದೇವೀಂದ್ರಪ್ಪನ ಮೋಟಾರ್‌ಸೈಕಲ್ ಬಂತು. ಲಲಿತಾ ರಸ್ತೆಯ ಮೇಲೆ ಕುಂಟುತ್ತಿದ್ದಾಳೆ ಎಂದು ಯಾರೋ ತೋಟಕ್ಕೇ ಹೋಗಿ ಹೇಳಿದ್ದರು. ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲ, ರುಮಾಲು ಅರ್ಧ ಬಿಚ್ಚಿಹೋಗಿತ್ತು, ಮುಖ ಬಿಳಿಚಿಕೊಂಡಿತ್ತು.

"ಸಾಕು. ಹತ್ತು."

ಅವಳು ಹತ್ತಿದಳು. ಬೇಡವೆನ್ನಲು ಬಾಯಿ ತೆರೆಯುವ ಮೊದಲೇ ಕಾಲು ಎದ್ದು ಹಿಂದಿನ ಸೀಟಿಗೆ ಹೋಗಿತ್ತು. ಓಟದ ನಿಯಮ ಮೊನ್ನೆ ಮೊನ್ನೆಯದು, ಅಣ್ಣನ ಮಾತು ಹುಟ್ಟಿದಾಗಿನದು. ಗಾಳಿ ಮುಖಕ್ಕೆ ಬಡಿದು ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೇ ಅವಳಿಗೆ ಮೊದಲು ಕಸಿವಿಸಿಯಾದದ್ದು. ಗಾಡಿ ಅಂಬರೀನಳನ್ನು ದಾಟಿತು. "ಅರೇ ಅಕ್ಕಾ! ಏನ್ರೀ ಇದು!" ಎಂದು ಅವಳು ಕೂಗಿದ್ದು ಕೇಳಿಸಿತು. ಲಲಿತಾಬಾಯಿ ಮುಖ ತಿರುಗಿಸಿಕೊಂಡಳು.

ಊರು ಹತ್ತಿರವಾದಾಗ ದೇವೀಂದ್ರಪ್ಪ ಒಂದು ಗುಡಿಯ ಮರೆಯಲ್ಲಿ ಗಾಡಿ ನಿಲ್ಲಿಸಿದ. ಅವನ ಮುಖದಲ್ಲಿ ರಕ್ತ ಮರಳಿ ಬಂದಿತ್ತು.

"ಇಲ್ಲಿ ಇಳಿ. ಇಲ್ಲಿಂದ ಓಡಿ ಹೋಗು, ಯಾರಿಗೂ ಗೊತ್ತಾಗಂಗಿಲ್ಲ. ನಾ ಆ ಕಡಿಂದ ಹೋಗಿ ನಿಂತು ನೋಡ್ತೀನಿ. ನೋಡು ಅಂದಿದ್ಯಲ್ಲ?"

ಅವನಿಗೆ ಇದು ಮೋಸವೆಂದು ಹೊಳೆದಿರಲೇ ಇಲ್ಲ. ಉಪವಾಸವಿದ್ದ ತಂಗಿಗೆ ಕದ್ದು ಬೆಲ್ಲದ ಚೂರು ಕೊಟ್ಟಂತೆ, ಅಷ್ಟೇ. ಅವಳ ಕಾಲೂ ಉಳಿಯಿತು, ಆಸೆಯೂ ತೀರಿತು ಎಂಬುದು ಅವನ ಲೆಕ್ಕ.

ಅವಳು ಓಡಿದಳು. ಕಮಾನು ಕಂಡಿತು. "ಕಮಲಾಪುರದ ಮಗಳು ಬರಾಕತ್ತಾರ್ರೀ, ಚಪ್ಪಾಳಿ ಹೊಡೀರಿ!" ಎಂದು ಮೈಕು ಕೂಗಿತು. ಚಹಾದಂಗಡಿಯ ಪಕ್ಕ ಅಣ್ಣ ಕೈಕಟ್ಟಿ ನಿಂತಿದ್ದ. ಅವನ ಮುಖದ ಮೇಲೆ ಸಣ್ಣದೊಂದು ನಗು ಕೂಡ ಇತ್ತು. ಬೇಡಿದ್ದೆಲ್ಲ ಬೇಡಿದ ಹಾಗೆಯೇ ಕಣ್ಣೆದುರಿಗಿತ್ತು, ಆದರೆ ಅದನ್ನು ನೋಡುತ್ತ ಅವಳಿಗೆ ಅಳು ಬಂತು. ಗೆರೆ ಇನ್ನು ನಾಲ್ಕು ಮಾರು ಇರುವಾಗ ನಿಂತುಬಿಟ್ಟಳು. ಎದೆಯ ಚೀಟಿ ಬಿಚ್ಚಿ, ಪದಕ ಹಿಡಿದು ನಿಂತಿದ್ದ ಹುಡುಗಿಯ ಕೈಗೆ ಕೊಟ್ಟಳು.

"ನಾ ಗಾಡಿ ಮ್ಯಾಲ ಬಂದೀನ್ರೀ. ನನ್ನ ಹೆಸರು ಹೊಡದು ಹಾಕ್ರಿ."

ಮೈಕು ಬಾಯಿ ಮುಚ್ಚಿತು. ಯಾರೋ ಕಿಸಕ್ಕನೆ ನಕ್ಕರು. ದೇವೀಂದ್ರಪ್ಪ ದಡಬಡಿಸಿ ಬಂದು ಅವಳನ್ನು ಪಕ್ಕಕ್ಕೆ ಕರೆದ.

"ಮಂದ್ಯಾಗ ನನ್ನ ಮರ್ಯಾದಿ ತಗದ್ಯಲ್ಲ. ಯಾರು ಕೇಳಿದ್ರು ನಿನ್ನ?"

"ತಪ್ಪು ನಂದ ಅಣ್ಣಾ. ಹತ್ತಿದಾಕಿ ನಾನು. ಆದ್ರ ನಾ ಸಣ್ಣಾಕಿ ಇದ್ದಾಗಿಂದ ಗಾಡಿ ಮ್ಯಾಲ ಕುಂತದ್ದು ನೀ ನೋಡೀದಿ. ಅದನ್ನ ನೋಡಂತ ಕರದಿದ್ದೆನೇನು?" ಅವಳು ಗಾಡಿಯ ಕಡೆ ಕೈ ಮಾಡಿದಳು. "ಎಲ್ಲಿ ಹತ್ತಿಸಿಕೊಂಡಿದ್ದಿ ಅಲ್ಲೇ ಒಯ್ದು ಬಿಡು. ಅಲ್ಲಿಂದ ಓಡಿ ಬರ್ತೀನಿ."

"ಚೀಟಿ ಕೊಟ್ಟಿ. ಇನ್ನ ಯಾರಿಗಂತ ಓಡ್ತಿ?"

"ನಿನಗ."

ದೇವೀಂದ್ರಪ್ಪ ಗಾಡಿಗೆ ಒದ್ದ ಒದೆತದಲ್ಲೇ ಸಿಟ್ಟೆಲ್ಲ ಇತ್ತು. ಜಾಗ ಬಂದ ಮೇಲೆ ಅವಳು ಇಳಿದಳು, ಅವನು ಮಾತ್ರ ಹೊರಡಲಿಲ್ಲ. ಹೊಲದ ಕಡೆಗೆ ಮುಖ ಮಾಡಿ ಕೂತೇ ಹೇಳಿದ.

"ಅಪ್ಪ ಹೋದ ದಿನ ನಾ ಇಲ್ಲೇ, ಈ ಹೊಲದಾಗ ಕೂಲಿಗೆ ಬಂದಿದ್ದೆ. ಅವ್ವ ಈ ರಸ್ತೆ ಮ್ಯಾಲ ಓಡಕೋತ ಬಂದಳು. ಬರಿಗಾಲಾಗ. ಸೆರಗು ನೆಲಕ್ಕ ಬಿದ್ದಿತ್ತು. ಅಷ್ಟು ದೂರಿಂದ ನೋಡಿದೆ. ಬಾಯಿ ತೆರಿಯೂ ಮೊದಲ ನನಗ ಗೊತ್ತಾತು." ಅವನು ರುಮಾಲಿನಿಂದ ಮೂಗು ಒರೆಸಿಕೊಂಡ. "ಅವತ್ತಿನಿಂದ ನಮ್ಮ ಮನಿ ಹೆಣ್ಣಮಗಳು ಓಡಿದ್ರ ನನ್ನ ಜೀವ ನಿಂದರಂಗಿಲ್ಲವ್ವ. ನಿನ್ನ ಆಟಕ್ಕ ಕಳಿಸಲಿಲ್ಲ. ಪದಕ ನೋಡಿದ್ರೂ ನನಗ ಅವ್ವ ಓಡಿ ಬಂದದ್ದ ಕಾಣ್ತಿತ್ತು."

ಇಷ್ಟು ವರ್ಷ ಲಲಿತಾಬಾಯಿ ಅದನ್ನು ಮಾನ ಮರ್ಯಾದೆಯ ಬೇಡ ಎಂದೇ ತಿಳಿದು, ಒಳಗೊಳಗೇ ಮುನಿಸಿಕೊಂಡಿದ್ದಳು. ಅಣ್ಣನಿಗೆ ಹೆದರಿಕೆ ಎಂಬುದು ಇರಬಹುದೆಂದು ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟಳು. ದೊಡ್ಡವಳಾದ ಮೇಲೆ ಅವನನ್ನು ಹಾಗೆ ಮುಟ್ಟಿದ್ದು ನೆನಪಿಲ್ಲ.

"ಮತ್ತ ನಾ ಓಡಲೋ ಬ್ಯಾಡೋ, ನೀನ ಹೇಳು. ಬ್ಯಾಡ ಅಂದ್ರ ಈಗ ಹತ್ತತೀನಿ. ಖರೇನ."

ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಆಮೇಲೆ ಅವನು ಗಾಡಿ ಚಾಲೂ ಮಾಡಿದ.

"ನಾ ಮುಂದ ಹೋಗಿ ನಿಂದರ್ತೀನಿ. ಸಾವಕಾಶ ಬಾ."

ಅವಳು ಸಾವಕಾಶವಾಗಿಯೇ ಹೊರಟಳು. ಕಾಲು ಒಂದು ಹೆಜ್ಜೆಗೆ ಒಪ್ಪಿದರೆ ಇನ್ನೊಂದಕ್ಕೆ ಜಗಳ ತೆಗೆಯುತ್ತಿತ್ತು. ಕೆಲವು ಕಡೆ ನಡೆದಳು, ಮತ್ತೆ ಓಡಿದಳು. ನೀರು ಕೊಡುವ ಹುಡುಗರು ಟೇಬಲ್ಲು ಮಡಚಿ ಟೆಂಪೋದಲ್ಲಿ ಹಾಕುತ್ತಿದ್ದರು. ಎಲ್ಲರಿಗಿಂತ ಹಿಂದೆ ಉಳಿದಿದ್ದ ಮುದುಕರೊಬ್ಬರೂ ಅವಳನ್ನು ದಾಟಿ ಹೋದರು. ಅವಳಿಗೆ ಯಾವುದರ ಅವಸರವೂ ಇರಲಿಲ್ಲ. ಅಣ್ಣ ನಿಂತಿರುತ್ತಾನೋ ಇಲ್ಲವೋ, ನಿಂತರೂ ಈ ಕಡೆ ನೋಡಲು ಅವನ ಕೈಲಾದೀತೋ ಇಲ್ಲವೋ ಎಂಬುದೊಂದೇ ಎದೆಯಲ್ಲಿ ಕುಟ್ಟುತ್ತಿತ್ತು.

ಊರು ತಲುಪಿದಾಗ ಕಮಾನಿನ ಗಾಳಿ ಬಿಟ್ಟು ನಾಲ್ವರು ಅದನ್ನು ಸುತ್ತುತ್ತಿದ್ದರು. ಮೈಕು ಇರಲಿಲ್ಲ. ಅಂಬರೀನ್ ಬೂಟು ಬಿಚ್ಚಿ ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದವಳು ಎದ್ದು ನಿಂತಳು. ರಸ್ತೆಯ ನಟ್ಟನಡುವೆ, ಬಸ್ಸುಗಳು ಹಾರ್ನು ಹೊಡೆದು ಬೈದು ಹೋಗುತ್ತಿದ್ದರೂ ಸರಿಯದೆ, ದೇವೀಂದ್ರಪ್ಪ ನಿಂತಿದ್ದ. ಬಿಸಿಲಿಗೆ ಕಣ್ಣ ಮೇಲೆ ಕೈ ಹಿಡಿದಿದ್ದ. ದೂರದಿಂದ ಓಡಿ ಬರುವ ಹೆಣ್ಣುಮಗಳನ್ನು ಅವನು ನೋಡುತ್ತಲೇ ಇದ್ದ, ಒಮ್ಮೆಯೂ ಮುಖ ತಿರುಗಿಸಲಿಲ್ಲ.

ಲಲಿತಾಬಾಯಿ ಅವನ ಮುಂದೆ ಬಂದು ನಿಂತಳು. ಉಸಿರು ಸಿಗುತ್ತಿರಲಿಲ್ಲ.

"ಏನ್ ಸುದ್ದಿ ತಂದೀಯವ್ವ?" ಎಂದು ದೇವೀಂದ್ರಪ್ಪ ಕೇಳಿದ.

"ಏನೂ ಇಲ್ಲಣ್ಣಾ," ಎಂದಳು ಅವಳು. "ಎಲ್ಲಾರೂ ಚೊಲೋ ಅದಾರ."